ಒಂದು ಒತ್ತಿದರೆ ಏಳು

ಕೊಲೀಕೊವಿಷನ್ ಅನ್ನುವ ಹಳೇ ವಿಡಿಯೋ ಗೇಮ್ ಯಂತ್ರಕ್ಕೆ ನಾನೇ ಒಂದು ಕಂಟ್ರೋಲರ್ ಮಾಡಿದೆ. ಮರದ ಡಬ್ಬಿ, ಆರ್ಕೇಡ್ ಸ್ಟಿಕ್, ಟಕ್ ಅನ್ನುವ ಎರಡು ಬಟನ್. ಮೂಲೆಗಳನ್ನು ಉಜ್ಜಿ ನುಣ್ಣಗೆ ಮಾಡಲಿಕ್ಕೇ ಎರಡು ಭಾನುವಾರ ಹೋದವು. ಡಾಂಕಿ ಕಾಂಗ್ ಆಟ ಹಾಕಿದೆ. 1ರಿಂದ 8ರೊಳಗೆ ಒಂದು ಅಂಕಿ ಒತ್ತು ಅಂದಿತು. ನನ್ನ ಡಬ್ಬಿಯಲ್ಲಿ ಅಂಕಿ ಎಲ್ಲಿಂದ ತರಲಿ?

ಆ ಕಾಲದವರಿಗೆ ಅದೇನು ಹುಚ್ಚೋ, ಕೊಲೀಕೊದ ಅಸಲಿ ಕಂಟ್ರೋಲರಿನಲ್ಲಿ ಫೋನಿನಂತೆ ಅಂಕಿ ಕೀಗಳು. ಬೇರೆ ಆಟದ ಯಂತ್ರಗಳದ್ದೂ ಅದೇ ಕಥೆ. 1979ರ ಇಂಟೆಲಿವಿಷನ್, 1982ರ ಅಟಾರಿ 5200, ಹೋಗಲಿ ಅಂದರೆ 1993ರ ಜಾಗ್ವಾರ್‌ನಲ್ಲೂ ಹನ್ನೆರಡು ಕೀ. ಯಾವ ಕೀ ಏನು ಮಾಡುತ್ತೆ ಅಂತ ತಿಳಿಯಲು ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಹಾಳೆ ಬೇರೆ. ಅದಂತೂ ಕಳೆದುಹೋಗುವುದಕ್ಕೇ ಹುಟ್ಟಿದ್ದು.

ಸರಿ, ಹಳೇ ಕಂಪ್ಯೂಟರ್ ಕೀಬೋರ್ಡಿನ ಅಂಕಿ ಕೀಗಳನ್ನು ಕಿತ್ತು, ಇದ್ದ ಕ್ರಮದಲ್ಲೇ ಕೂರಿಸಿದೆ. ಡಯೋಡ್ ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡಿದ್ದನ್ನು ಹೇಳುವುದಿಲ್ಲ. ತೊಂದರೆ ಆದದ್ದು ಆಮೇಲೆ. ಕಂಪ್ಯೂಟರಿನಲ್ಲೂ ಕ್ಯಾಲ್ಕುಲೇಟರಿನಲ್ಲೂ ಮೇಲಿನ ಸಾಲು 7-8-9. ಫೋನಿನಲ್ಲಿ 1-2-3. ಅಮೆರಿಕದ ಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನವರು ಬಗೆಬಗೆಯ ಜೋಡಣೆಗಳನ್ನು ಜನರ ಕೈಗೆ ಕೊಟ್ಟು ನೋಡಿ, 1960ರಲ್ಲಿ ಅದರ ವರದಿ ಪ್ರಕಟಿಸಿದ್ದರು. 1963ರಲ್ಲಿ ಬಂದ ಬಟನ್ ಫೋನಿಗೆ ಹತ್ತೇ ಕೀ. ನಕ್ಷತ್ರ, ಹ್ಯಾಶ್ ಸೇರಿ ಹನ್ನೆರಡಾದದ್ದು 1968ರಲ್ಲಿ. ಅಷ್ಟೆಲ್ಲ ತಲೆ ಕೆಡಿಸಿಕೊಂಡವರು ಕ್ಯಾಲ್ಕುಲೇಟರಿನವರ ಜೊತೆ ಒಂದು ಸಲ ಕೂತು ಒಂದೇ ಕ್ರಮಕ್ಕೆ ಒಪ್ಪಿಕೊಳ್ಳಬಾರದಿತ್ತಾ? ಒಂದೇ ಮಧ್ಯಾಹ್ನದ ಕೆಲಸ. ಅವರು ಮಾಡಲಿಲ್ಲ, ನಾನು ಅನುಭವಿಸುತ್ತಿದ್ದೇನೆ.

ಹೇಗೆ ಅಂದರೆ, ಕೊಲೀಕೊ ಕೀಪ್ಯಾಡ್ ಫೋನಿನ ಜಾತಿ. ನನ್ನ ಹೆಬ್ಬೆರಳು ರೂಢಿಯಂತೆ ಮೇಲಿನ ಎಡಮೂಲೆಗೆ ಹೋಗುತ್ತೆ, 1 ಅಂದುಕೊಂಡು 7 ಒತ್ತುತ್ತೆ. 7 ಅಂದರೆ ಇಬ್ಬರ ಆಟ, ಅದೂ ಮೂರನೇ ಮಟ್ಟದ್ದು. ನಾನಿರುವುದು ಒಬ್ಬನೇ. ನಾನು ಸತ್ತ ಮೇಲೆ ಇಲ್ಲದ ಎರಡನೆಯವನ ಸರದಿ. ಅವನು ಸುಮ್ನೆ ನಿಂತಿರುತ್ತಾನೆ. ಪೀಪಾಯಿ ಉರುಳಿ ಬಂದು ಅವನನ್ನು ಬಡಿಯುವವರೆಗೆ ನಾನು ಗಲ್ಲಕ್ಕೆ ಕೈಕೊಟ್ಟು ಕೂರಬೇಕು. ಒಂದು ಸಂಜೆ ಅವನಿಗೆ ‘ಪಕ್ಕಕ್ಕೆ ಸರಿಯೋ’ ಅಂತ ಬೈದೂ ಬಿಟ್ಟೆ.

ಕೊನೆಗೆ ಎಲ್ಲಾ ಬಿಚ್ಚಿ ಫೋನಿನ ಕ್ರಮದಲ್ಲಿ ಮತ್ತೆ ಬೆಸುಗೆ ಹಾಕಿದೆ. ತಿಂಗಳಾಯಿತು, ಆಟ ಚೆನ್ನಾಗಿ ನಡೆಯುತ್ತಿದೆ. ಆದರೆ ನಿನ್ನೆ ಕಂಪ್ಯೂಟರಿನಲ್ಲಿ ಮನೆಖರ್ಚು ಬರೆಯುತ್ತಿದ್ದೆ, 100 ಇರಬೇಕಾದ ಕಡೆ 700 ಬಿದ್ದಿತ್ತು.