ಬಿಟ್ಟ ಕಾರಣ: 250 ಅಕ್ಷರ ಮೀರದಂತೆ

ಹದಿನಾಲ್ಕು ತಿಂಗಳ ಹಿಂದೆ ನನ್ನನ್ನು ತೆಗೆದ ಕಂಪನಿ ಈಗ ಅದೇ ಕೆಲಸಕ್ಕೆ ಜನ ಬೇಕು ಅಂತ ಜಾಹೀರಾತು ಹಾಕಿದೆ. ಹುದ್ದೆಯ ಹೆಸರಿನ ಮುಂದೆ 'ಸೀನಿಯರ್' ಸೇರಿದೆ. ಕೆಲಸದ ವಿವರ ಓದುತ್ತಾ ಹೋದೆ, ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು, ಅದನ್ನು ಬರೆದವನು ನಾನೇ. ಕೊನೆಯ ವಾರ 'ನಾಲೆಡ್ಜ್ ಟ್ರಾನ್ಸ್‌ಫರ್' ಅಂತ ನನ್ನ ಕೈಯಲ್ಲೇ ಬರೆಸಿಕೊಂಡಿದ್ದರು. ಕಾಗುಣಿತದ ತಪ್ಪೂ ನನ್ನದೇ.

'ತೆಗೆದರು' ಅನ್ನುವುದು ನನ್ನ ಒರಟು ಮಾತು ಬಿಡಿ. ಬೆಂಗಳೂರಿನ ಐಟಿಯಲ್ಲಿ ಯಾರನ್ನೂ ಅಷ್ಟು ಸುಲಭವಾಗಿ ತೆಗೆಯುವುದಿಲ್ಲ. ಎಚ್‌ಆರ್ ಮೇಡಂ ಒಂದು ಚಿಕ್ಕ ರೂಮಿಗೆ ಕರೆಯುತ್ತಾರೆ. ನಮ್ಮಲ್ಲಿ ಆ ರೂಮಿಗೆ 'ಕಾವೇರಿ' ಅಂತ ಹೆಸರು. ಅಲ್ಲಿಂದ ಯಾರೂ ಪಾಲು ಸಿಕ್ಕಿತು ಅಂತ ನಗುತ್ತಾ ಹೊರಗೆ ಬಂದಿದ್ದನ್ನು ನಾನು ಕಂಡಿಲ್ಲ. ಟಿಶ್ಯೂ ಡಬ್ಬಿ ಮೊದಲೇ ಇಟ್ಟಿರುತ್ತಾರೆ. "ನೀವೇ ರಾಜೀನಾಮೆ ಕೊಟ್ಟುಬಿಡಿ ಸರ್, ರೆಕಾರ್ಡ್ ಕ್ಲೀನ್ ಆಗಿರುತ್ತೆ" ಅನ್ನುತ್ತಾರೆ. ಕತ್ತು ಹಿಡಿದು ಹೊಸಿಲು ದಾಟಿಸುತ್ತಾ, 'ಹೋಗಿ ಬರ್ತೀನಿ ಅಂತ ನೀವೇ ಹೇಳಿಬಿಡಿ' ಅಂದ ಹಾಗೆ.

ಈ ಅಕ್ಕರೆಗೊಂದು ಕಾರಣ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 25ಎಚ್ ಅಂತ ಒಂದು ಸೆಕ್ಷನ್. ಜಾಸ್ತಿ ಆದರು ಅಂತ ಕಾರ್ಮಿಕರನ್ನು ತೆಗೆದಿದ್ದರೆ, ಮುಂದೆ ಜನ ಬೇಕಾದಾಗ ಹೊಸಬರಿಗಿಂತ ಮೊದಲು ಅವರಿಗೇ ಅವಕಾಶ ಕೊಡಬೇಕು ಅನ್ನುತ್ತಿತ್ತು ಅದು. ಆಮೇಲೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ ಮಾತು ಉಳಿದಿದೆ, ಒಂದು ವರ್ಷದ ಗಡುವು ಅಂಟಿಸಿಕೊಂಡು. ಲ್ಯಾಪ್‌ಟಾಪ್ ಕುಟ್ಟುವವನು ಕಾರ್ಮಿಕನೋ ಅಲ್ಲವೋ ಅನ್ನುವುದು ಇನ್ನೊಂದು ಜಗಳ. ನನಗೆ ಅದರ ಗೊಡವೆಯೇ ಇಲ್ಲ. ನನ್ನನ್ನು ಯಾರು ತೆಗೆದರು? ನಾನೇ ಖುಷಿಯಿಂದ ಹೋದವನು, ಅಲ್ವಾ?

ಅರ್ಜಿ ತುಂಬಲು ಕೂತೆ. ಮೂರನೇ ಪುಟದಲ್ಲಿ, "ಹಿಂದೆ ನಮ್ಮಲ್ಲಿ ಕೆಲಸ ಮಾಡಿದ್ದೀರಾ?" ಹೌದು ಅಂತ ಒತ್ತಿದೆ. ತಕ್ಷಣ ಕೆಳಗೆ ಇನ್ನೊಂದು ಪೆಟ್ಟಿಗೆ ತೆರೆದುಕೊಂಡಿತು. "ಬಿಟ್ಟ ಕಾರಣ. 250 ಅಕ್ಷರ ಮೀರದಂತೆ." ಕಳಿಸಿದವರು ಅವರು, ಕಾರಣ ಬರೆಯಬೇಕಾದವನು ನಾನು!

ಏನು ಬರೆಯಲಿ ಅಂತ ತೋಚದೆ ಪೇಪರ್ ತಿರುವಿದೆ. ಹೋಗಿ ಬರುವ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಗುರುಗಳಿಗೇನು ಬರವೇ? ಜಗದೀಶ ಶೆಟ್ಟರ್ ಅವರನ್ನೇ ನೋಡಿ. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗದೆ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು. ಚುನಾವಣೆ ಸೋತರು. ಆದರೂ ವಿಧಾನ ಪರಿಷತ್ತಿಗೆ ಹೋದರು. 2024ರ ಜನವರಿಯಲ್ಲಿ ವಾಪಸ್ ಬಂದರು. ಜೂನ್ ಹೊತ್ತಿಗೆ ಬೆಳಗಾವಿಯ ಸಂಸದ. ಹೋಗಿ ಬಂದಿದ್ದಕ್ಕೆ ಹಿಡಿದಿದ್ದು ಒಂಬತ್ತು ತಿಂಗಳು. ನನ್ನ ಕಂಪನಿಗೆ ಅಷ್ಟರಲ್ಲಿ ನನ್ನ 'ಫುಲ್ ಅಂಡ್ ಫೈನಲ್' ಲೆಕ್ಕ ಚುಕ್ತಾ ಮಾಡಲೂ ಆಗಿರಲಿಲ್ಲ.

ಇನ್ನು ಯಡಿಯೂರಪ್ಪನವರು. 2012ರ ಕೊನೆಯಲ್ಲಿ ಬಿಜೆಪಿಯಿಂದ ಹೊರಗೆ ಹೋಗಿ ಕೆಜೆಪಿ ಅಂತ ಸ್ವಂತ ಪಕ್ಷ ಕಟ್ಟಿದರು. 2013ರಲ್ಲಿ ಅವರಿಗೆ ಬಂದಿದ್ದು 6 ಸೀಟು, ಬಿಜೆಪಿ 40ಕ್ಕೆ ಇಳಿಯಿತು. ಚುನಾವಣೆ ಮುಗಿದು ವರ್ಷ ತುಂಬುವುದರೊಳಗೆ ಬಾಗಿಲು ತೆರೆಯಿತು. ನಾನು ಪೆದ್ದ. ರೆಸ್ಯೂಮೆಯಲ್ಲಿ ಕಂಪನಿಗೆ ಎಷ್ಟು ಲಾಭ ಮಾಡಿಕೊಟ್ಟೆ ಅಂತ ಬರೆದುಕೊಂಡಿದ್ದೆ. ನಾನು ಹೋದಮೇಲೆ ಎಷ್ಟು ನಷ್ಟ ಆಯಿತು ಅಂತ ಬರೆಯಬೇಕಿತ್ತು. (ವಿಚಾರಿಸಿದೆ. ಏನೂ ಆಗಿಲ್ಲವಂತೆ.)

ಬಸನಗೌಡ ಪಾಟೀಲ ಯತ್ನಾಳರ ದಾರಿ ಇನ್ನೂ ರಂಗಾಗಿದೆ. ಒಮ್ಮೆ ಬಿಜೆಪಿಯಿಂದ ಉಚ್ಚಾಟನೆ ಆಗಿ, 2018ರಲ್ಲಿ ಮರಳಿ, ಗೆದ್ದು, 2025ರ ಮಾರ್ಚ್‌ನಲ್ಲಿ ಮತ್ತೆ ಆರು ವರ್ಷಕ್ಕೆ ಉಚ್ಚಾಟನೆ. ಪಕ್ಷದ 'ಆರು ವರ್ಷ' ನಮ್ಮ ನೋಟಿಸ್ ಪೀರಿಯಡ್ ಇದ್ದಂತೆ. ಕಾಗದದಲ್ಲಿ ಎಷ್ಟಾದರೂ ಇರಲಿ, ಅವಸರ ಇದ್ದರೆ ಮಾತಾಡಿ ಸರಿಮಾಡಿಕೊಳ್ಳಬಹುದು.

ಇಂದಿರಾ ಗಾಂಧಿಯವರದು ಮಾತ್ರ ನನ್ನಂಥವರ ಕೈಗೆಟುಕದ ಮಾತು. 1969ರ ನವೆಂಬರ್‌ನಲ್ಲಿ ಅವರನ್ನು ಕಾಂಗ್ರೆಸ್‌ನಿಂದ ಹೊರಗೆ ಹಾಕಿದಾಗ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಆಯಮ್ಮ ಮತ್ತೆ ಅರ್ಜಿ ಹಾಕಲಿಲ್ಲ. ಪಕ್ಷವನ್ನೇ ಎತ್ತಿಕೊಂಡು ಹೋದರು, 1971ರಲ್ಲಿ 352 ಸೀಟು ತಂದರು. ನನಗೆ ಸೆಕ್ಯೂರಿಟಿಯವನು ಲ್ಯಾಪ್‌ಟಾಪ್ ಚಾರ್ಜರ್ ಕೂಡ ಎತ್ತಿಕೊಂಡು ಹೋಗಲು ಬಿಡಲಿಲ್ಲ.

ಕೊನೆಗೆ ಪೆಟ್ಟಿಗೆಯಲ್ಲಿ ಹೀಗೆ ಬರೆದೆ: "ಕೆಲವರ ಮಾತು ಕೇಳಿ ದೂರ ಹೋಗಿದ್ದೆ. ಮೈ ಅಲ್ಲಿದ್ದರೂ ಮನಸ್ಸು ಇಲ್ಲೇ ಇತ್ತು. ಈಗ ಯಾವ ಷರತ್ತೂ ಇಲ್ಲದೆ ಮಾತೃ ಕಂಪನಿಗೆ ಮರಳುತ್ತಿದ್ದೇನೆ. ಹೈಕಮಾಂಡ್ ಯಾವ ಜವಾಬ್ದಾರಿ ಕೊಟ್ಟರೂ ನಿಭಾಯಿಸುತ್ತೇನೆ."

ಆಯ್ಕೆ ಆಯಿತು! ಸಂದರ್ಶನ ಮಾಡಿದ್ದು ನಾನೇ ಕೆಲಸ ಕಲಿಸಿದ ಹುಡುಗ. 'ಸರ್' ಅನ್ನಲೋ ಬೇಡವೋ ಅಂತ ಪಾಪ ಒದ್ದಾಡಿದ. ಆಫರ್ ಲೆಟರ್ ಮಾತ್ರ ಇನ್ನೂ ಬಂದಿಲ್ಲ. ನನ್ನ ಪೂರ್ವಾಪರ ವಿಚಾರಿಸಲು ಒಂದು ಏಜೆನ್ಸಿಗೆ ವಹಿಸಿದ್ದಾರೆ. ಮೂರು ವಾರ ಕಾದು ಎಚ್‌ಆರ್ ಮೇಡಂಗೆ ಫೋನ್ ಮಾಡಿದೆ.

"ಸಾರಿ ಸರ್, ನಮ್ಮದೇನೂ ತಡ ಇಲ್ಲ" ಅಂದರು. "ನಿಮ್ಮ ಹಿಂದಿನ ಕಂಪನಿಯವರು ಉತ್ತರ ಕೊಡ್ತಾ ಇಲ್ಲ."