ಕೋವಿಗಿರುವ ಮರ್ಯಾದೆ ಸ್ಪ್ಯಾನರಿಗೂ ಇರಲಿ

ಕೊಡಗಿನ ಪೊನ್ನಂಪೇಟೆ ಬಳಿ ನಮ್ಮ ಚಿಕ್ಕಪ್ಪನ ಮನೆಯ ಗೋಡೆಯಲ್ಲಿ ಒಂದು ಕೋವಿ ಇದೆ. ಪ್ರತಿ ಸೆಪ್ಟೆಂಬರಿನಲ್ಲಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಅದನ್ನು ಇಳಿಸಿ, ಬಟ್ಟೆ ಸುತ್ತಿದ ಕಡ್ಡಿಯನ್ನು ನಳಿಗೆಯೊಳಗೆ ಆಡಿಸಿ, ಎಣ್ಣೆ ಹಚ್ಚಿ, ತೋಕ್‌ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅದೇ ಮನೆಯ ಸ್ಪ್ಯಾನರುಗಳು ಹಳೆಯ ಕಾಫಿ ಚೀಲವೊಂದರಲ್ಲಿ ತುಕ್ಕು ಹಿಡಿದು ಬಿದ್ದಿವೆ. ಹನ್ನೆರಡರದು ಬೇಕೆಂದರೆ ಇಡೀ ಚೀಲವನ್ನು ಅಂಗಳಕ್ಕೆ ಸುರಿಯಬೇಕು, ಆಗಲೂ ಸಿಗುವುದು ಹದಿಮೂರರದೇ.

ಜನವರಿಯಲ್ಲಿ ರಜೆಗೆ ಬಂದಾಗ ಅವರ ಮಾರುತಿ 800 ಶೆಡ್ಡಿನಲ್ಲಿ ಮುನಿಸಿಕೊಂಡು ನಿಂತಿತ್ತು. ರೋಬಸ್ಟಾ ಕೊಯ್ಲಿನ ಕಾಲ, ಗಾಡಿ ಇಲ್ಲವೆಂದರೆ ಕೈ ಕಟ್ಟಿದಂತೆ. ಆಯಿಲ್ ಮುಚ್ಚಳ ತೆಗೆದು ನೋಡಿದೆ. ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ. ಸೈಲೆನ್ಸರಿನಿಂದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಇಡುವ ತೆಳು ಹಾಳೆ, ಹೋಗಿದೆ ಎನ್ನಲು ಇನ್ನೇನು ಬೇಕು? ಸಂಪಾಜೆ ಘಾಟಿ ಹತ್ತುವಾಗ ಕುದಿಯಿತಂತೆ. ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಬದಲು ತೊರೆಯ ನೀರು ತುಂಬುವುದು ನಮ್ಮ ಕಡೆಯ ಹಳೆಯ ಚಾಳಿ. ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಬರಿಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಕೇಳುವುದೇ ಬೇಡ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗುತ್ತದೆ, ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ನೀರು ಆಯಿಲಿಗೆ, ಹೊಗೆ ನೀರಿಗೆ.

ನಾನು ಹನ್ನೊಂದು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿದ್ದೇನೆ. ಅಲ್ಲಿ ಗ್ಯಾರೇಜಿನ ಕೂಲಿ ಗಂಟೆಗೆ ನೂರು ಯೂರೋ ದಾಟುವುದು ಮಾಮೂಲು. ಹಾಗಾಗಿ ಲಿಫ್ಟನ್ನೂ ಉಪಕರಣಗಳನ್ನೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳುವ ವರ್ಕ್‌ಶಾಪುಗಳಿವೆ. ನಾನು ಮೊದಲ ಬಾರಿ ಹೆಡ್ ಬಿಚ್ಚಿದ್ದು ಅಂಥ ಒಂದರಲ್ಲಿ. ಅಲ್ಲಿನ ಮುದುಕರೊಬ್ಬರು, ಬೋಲ್ಟನ್ನು ಇಂತಿಷ್ಟೇ ಅಳತೆಗೆ ಬಿಗಿಯಲೆಂದೇ ಇರುವ ಟಾರ್ಕ್ ವ್ರೆಂಚನ್ನು ನನ್ನ ಕೈಗೆ ಕೊಟ್ಟದ್ದು ಕೂಸನ್ನು ಕೊಟ್ಟ ಹಾಗೆ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿಯೇ ಪೆಟ್ಟಿಗೆಯಲ್ಲಿಡಬೇಕು. ಮರೆತ ದಿನ ನನಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯಲಾರೆ.

ಆ ವ್ರೆಂಚಿನಂಥದ್ದೇ ಒಂದನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದೆ. ಚಿಕ್ಕಪ್ಪನ ಪರಿಚಯದ ಮೆಕ್ಯಾನಿಕ್ ಅದನ್ನು ನೋಡಿ ನಕ್ಕು, "ಬಿಗಿ ಎಷ್ಟೆಂದು ಕೈ ಹೇಳುತ್ತದೆ" ಎಂದ. ಚಕ್ರದ ನಟ್ಟಿನ ಮಟ್ಟಿಗೆ ಕೈ ಹೇಳಬಹುದೇನೋ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಎಲ್ಲವನ್ನೂ ಒಂದೇ ಅಳತೆಗೆ ಬಿಗಿಯಬೇಕು. ಬೆಳಗಿನ ಕೈ ಬೇರೆ, ಊಟವಾದ ಮೇಲಿನ ಕೈ ಬೇರೆ. ಹಳೆಯ ಮೇಲ್ಮೈ ಕೆರೆದು ಶುಚಿ ಮಾಡುವ ಬದಲು "ದಪ್ಪಗೆ ಪೇಸ್ಟ್ ಬಳಿದುಬಿಡಿ" ಎಂಬ ಸಲಹೆಯೂ ಬಂತು. ನಮ್ಮಲ್ಲಿ ಆರು ತಿಂಗಳಿಗೆ ಮತ್ತೆ ಗ್ಯಾಸ್ಕೆಟ್ ಹೋದರೆ ಗಾಡಿಯನ್ನು ಬೈಯುತ್ತೇವೆ, ಬಿಗಿದವನನ್ನಲ್ಲ. ಈ ಅಂದಾಜಿನ ಮೇಲೆ ನನಗೆ ಸಿಟ್ಟಿದೆ.

ಆದರೆ ಹೊರನಾಡಿನಿಂದ ಬಂದವನ ಜಂಬವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಟೈಮಿಂಗ್ ಗುರುತಿಗೆ ತಂಗಿಯ ಉಗುರು ಬಣ್ಣ ಹಚ್ಚಿ, ಬೆಲ್ಟ್ ಕಳಚಿ, ಹೆಡ್ ಎತ್ತಿ, ಬ್ಲಾಕಿನ ಮೇಲ್ಮೈಯನ್ನು ಒರೆಸಿದ್ದೆ. ಹೊಸ ಗ್ಯಾಸ್ಕೆಟ್ಟನ್ನು ಗುರುತಿನ ಬದಿ ಮೇಲೆ ಬರುವಂತೆ ಇಟ್ಟೂ ಆಗಿತ್ತು. ಚಿಕ್ಕಪ್ಪ ಬಗ್ಗಿ, ಬೋಲ್ಟಿನ ಒಂದು ತೂತಿಗೆ ಟಾರ್ಚ್ ಬಿಟ್ಟು, "ಇದರೊಳಗೆ ನೀರಿದೆಯಲ್ಲ?" ಎಂದರು. ಇತ್ತು. ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲ. ವ್ರೆಂಚು ಸರಿಯಾದ ಅಂಕಿಗೇ ಟಿಕ್ ಎನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ. ಬ್ಲಾಕೇ ಬಿರುಕು ಬಿಡುವುದೂ ಉಂಟು. ಕೈಪಿಡಿಯಲ್ಲಿ ಈ ಮಾತಿಗೆ ಒಂದು ಸಾಲಿದೆ, ನಾನು ಓದದೆ ದಾಟಿದ್ದೆ. ಚಿಕ್ಕಪ್ಪ ಕೋವಿಯ ಕಡ್ಡಿ ತಂದರು. ಅದು ದಪ್ಪವಾಯಿತು. ಬಿದಿರಿನ ಸಿಬಿರು ಸೀಳಿ, ಹಳೆಯ ಪಂಚೆಯ ತುಂಡು ಸುತ್ತಿ, ನಳಿಗೆ ಒರೆಸುವ ಅದೇ ತಿರುವಿನಲ್ಲಿ ಒಂದೊಂದು ತೂತನ್ನೂ ಬಟ್ಟೆ ಒಣಗಿ ಬರುವ ತನಕ ಒರೆಸಿದರು. ಅಳತೆ ನನ್ನದು, ಕಣ್ಣು ಅವರದು.

ಹೆಡ್ ಬಾಗಿದೆಯೇ ಎಂದು ನೋಡಿದ್ದೂ ಅವರ ರೀತಿಯಲ್ಲೇ: ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಹಿಂದೆ ಟ್ಯೂಬ್‌ಲೈಟ್. ನಡುವೆ ಬೆಳಕಿನ ಗೆರೆ ಕಂಡಿತು. ಸಂದು ಅಳೆಯುವ ಫೀಲರ್ ಗೇಜಿನ 0.05 ಮಿಲಿಮೀಟರಿನ ಎಲೆ ಸರಾಗವಾಗಿ ತೂರಿತು. ಇಂಥ ಹೆಡ್ಡಿಗೆ ಅದೇ ಮಿತಿ. ಜರ್ಮನಿಯಲ್ಲಿ ಮಟ್ಟ ಮಾಡಲು ಕೊಟ್ಟು ಎರಡು ವಾರ ಕಾದಿದ್ದೇನೆ. ಇಲ್ಲಿ ಪಕ್ಕದ ತೋಟದವರ ಜೀಪಿನಲ್ಲಿ, ಕಾಫಿ ಚೀಲದಲ್ಲಿ ಸುತ್ತಿ ಗೋಣಿಕೊಪ್ಪಕ್ಕೆ ಒಯ್ದೆವು, ಸಂಜೆಗೆ ಕನ್ನಡಿಯಂತಾಗಿ ಬಂತು. ಅಷ್ಟೇ ಅಲ್ಲ, ಜರ್ಮನಿಯಲ್ಲಿ ಇಷ್ಟು ಹಳೆಯ ಗಾಡಿಯ ಗ್ಯಾಸ್ಕೆಟ್ ಹೋದರೆ ಬಹುಪಾಲು ಜನ ರಿಪೇರಿಯ ಲೆಕ್ಕ ಹಾಕಿ ಗುಜರಿಗೆ ಕಳಿಸುತ್ತಾರೆ. ಜರ್ಮನರ ಶಿಸ್ತನ್ನು ಹೊಗಳುವ ನನ್ನಂಥವರು ಇದನ್ನು ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರದೇ ಸರಿ. ಆಯಿಲ್ ಮಾರುವ ಅಂಗಡಿ ಅಷ್ಟೇ ಹಳೆಯ ಆಯಿಲನ್ನು ಪುಕ್ಕಟೆ ವಾಪಸು ಪಡೆಯಬೇಕೆಂದು ಅಲ್ಲಿ ಕಾನೂನಿದೆ. ಇಲ್ಲಿ ಅದು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ಅಲ್ಲಿಂದ ತೊರೆಗೆ. ನಾನು ಡಬ್ಬಿಯಲ್ಲಿ ತುಂಬಿ ಶೆಡ್ಡಿನಲ್ಲಿಟ್ಟೆ, ಮುಂದೇನೆಂದು ಹೊಳೆಯಲಿಲ್ಲ. ಹೊಸ ಕೂಲಂಟ್ ಸುರಿಯುವ ಮುನ್ನ ಮನೆಯ ನಾಯಿಗಳನ್ನು ಕಟ್ಟಿಹಾಕಿಸಿದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಗಾಡಿ ಎರಡನೆಯ ಸಲ ಸೆಲ್ಫ್ ಹೊಡೆದಾಗ ಎದ್ದಿತು. ಮರುದಿನ ಬೆಳಿಗ್ಗೆ ರೇಡಿಯೇಟರಿನಲ್ಲಿ ಅರ್ಧ ಲೋಟದಷ್ಟು ಕಡಿಮೆಯಾಗಿತ್ತು. ಒಳಗಿದ್ದ ಗಾಳಿ ಹೊರಬಂದದ್ದು, ತುಂಬಿದ ಮೇಲೆ ಇಳಿಯಲಿಲ್ಲ. ವ್ರೆಂಚನ್ನು ಚಿಕ್ಕಪ್ಪನಿಗೇ ಬಿಟ್ಟು ಬಂದೆ. ಅವರು ಅದನ್ನು ಚೀಲಕ್ಕೆ ಹಾಕದೆ ಕೋವಿಯ ಕೆಳಗಿನ ಮೊಳೆಗೆ ತೂಗುಹಾಕಿದ್ದರಂತೆ. ಕಳೆದ ವಾರ ಫೋನು ಮಾಡಿದಾಗ ಅದು ಮೂರು ತೋಟ ದಾಟಿ ಹೋಗಿದೆ ಎಂದು ತಿಳಿಯಿತು. ಯಾರೋ ಜೀಪಿನ ತುಕ್ಕು ಹಿಡಿದ ಬೋಲ್ಟನ್ನು ಅದರಿಂದಲೇ ಬಿಚ್ಚಿದರಂತೆ, ಹಿಡಿ ಉದ್ದವಾಗಿರುವುದರಿಂದ ಬಲು ಅನುಕೂಲವಂತೆ.