ಡಬ್ಬಿಯಲ್ಲಿರುವ ಆ ಒಂದು ಆಕಾರ

ಅಂಗೈ ಮೇಲೆ ನಕ್ಷತ್ರ ಮೂಡಿಸಿಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕುಕೀ ಮಾಡೋಕೆ ಕೈಜೋಡಿಸುತ್ತೇನೆ ಅಂತ ಬಂದ ನೆಂಟರೊಬ್ಬರು, ಲಟ್ಟಿಸಿದ ಹಿಟ್ಟನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸುವ ಸ್ಟೀಲ್ ಕಟರನ್ನು ತಲೆಕೆಳಗಾಗಿ ಹಿಟ್ಟಿನ ಮೇಲಿಟ್ಟು, ಅಂಗೈಯಿಂದ ಧಪ್ ಅಂತ ಒಂದೇಟು ಹಾಕಿದರು. ಹಿಟ್ಟು ಜಗ್ಗಲಿಲ್ಲ. ಅಂಗೈಯಲ್ಲಿ ಮಾತ್ರ ಐದು ಮೂಲೆಯ ಕೆಂಪು ಗೆರೆ ನೀಟಾಗಿ ಬಿತ್ತು. "ನಿಮ್ಮ ಕಟರ್ ಮೊಂಡು ಕಣ್ರೀ" ಅಂದರು. ಸಾಕ್ಷಿಯನ್ನು ಕೈಯಲ್ಲೇ ಇಟ್ಟುಕೊಂಡು!

ಸ್ಟೀಲ್ ಕಟರ್‌ನ ಒಂದು ಅಂಚನ್ನು ಹೊರಕ್ಕೆ ಮಡಿಸಿ ಉರುಟು ಮಾಡಿರುತ್ತಾರೆ. ಅದು ಕೈಗೆ. ಇನ್ನೊಂದು ತೆಳ್ಳಗಿನ ಬರಿ ಅಂಚು. ಅದು ಹಿಟ್ಟಿಗೆ. ಇಷ್ಟನ್ನೂ ಬಾಯಿಬಿಟ್ಟು ಹೇಳಬೇಕಾಗಿ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಈಗ ಮೊದಲು ಇದನ್ನು ಹೇಳಿ, ಆಮೇಲೆ ಏಪ್ರನ್ ಕೊಡುತ್ತೇನೆ. ನಕ್ಷತ್ರವನ್ನು ಹಿಂದುಮುಂದಾಗಿ ಒತ್ತಿದರೂ ಆಕಾರ ಅದೇ, ಅಂಚು ಮಾತ್ರ ಕೆಡುತ್ತದೆ. ಹಕ್ಕಿಯದು ಹಾಗಲ್ಲ, ಎಡಕ್ಕೆ ನೋಡುತ್ತಿದ್ದದ್ದು ಬಲಕ್ಕೆ ನೋಡುತ್ತದೆ. ಇಂಗ್ಲಿಷಿನ ಎಸ್ ಅಕ್ಷರ ಉಲ್ಟಾ ಆಗುತ್ತದೆ. ಹುಟ್ಟುಹಬ್ಬಕ್ಕೆ ಹೆಸರಿನ ಕುಕೀ ಮಾಡಲು ಹೊರಟವರ ಮುಖವನ್ನು ಆಗ ನೋಡಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಈ ಕೆಲಸಕ್ಕೆ ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ. ದಪ್ಪ ಪ್ಲಾಸ್ಟಿಕ್ ಕಟರ್‌ಗಳನ್ನೇ ನೋಡಿ. ಅವು ಹಿಟ್ಟನ್ನು ಕತ್ತರಿಸುವುದಿಲ್ಲ, ಒತ್ತಿ ಪಕ್ಕಕ್ಕೆ ತಳ್ಳುತ್ತವೆ. ಹಾಗೆ ತಳ್ಳಿಸಿಕೊಂಡ ಅಂಚು ಇಳಿಜಾರಾಗುತ್ತದೆ. ಬೇಯಿಸಿದ ಮೇಲೆ ಅದರ ಮೇಲೆ ರಾಯಲ್ ಐಸಿಂಗ್, ಅಂದರೆ ಆರಿದ ಮೇಲೆ ಗಟ್ಟಿಯಾಗುವ ಸಕ್ಕರೆ ಪುಡಿ ಮತ್ತು ಮೊಟ್ಟೆಯ ಬಿಳಿಯ ಲೇಪ, ಸುರಿದರೆ, ಅದು ಇಳಿಜಾರು ಕಂಡ ಕೂಡಲೇ ಕೆಳಗೆ ಹೊರಟೇಬಿಡುತ್ತದೆ. ಅಂಚು ನೆಟ್ಟಗಿದ್ದರೆ ಮೊದಲು ಗಟ್ಟಿ ಐಸಿಂಗ್‌ನಲ್ಲಿ ಸುತ್ತ ಒಂದು ಗೆರೆ ಎಳೆದು, ಒಳಗೆ ತೆಳು ಐಸಿಂಗ್ ತುಂಬಿ, ಸೂಜಿಯಿಂದ ಗುಳ್ಳೆ ಒಡೆದರೆ ಮುಗಿಯಿತು. ಅಂದವಾದ ಕುಕೀ ಹಾಳಾಗುವುದು ಬಣ್ಣದಲ್ಲಿ ಅಲ್ಲ, ಅದಕ್ಕೂ ಎಷ್ಟೋ ಮೊದಲು.

ಒಳ್ಳೆಯ ಕಟರ್ ಅಂದರೆ ಯಾವುದು ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಮಾತಿನ ಉತ್ತರ ಇದೆ. ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಅದಕ್ಕೆ ಮುಂಚೆ ನನ್ನ ಡಬ್ಬಿಯಲ್ಲಿರುವ ಒಂದು ಕಟರ್ ಬಗ್ಗೆ ಹೇಳಲೇಬೇಕು.

ಹಳೆಯ ತಗಡಿನ ಕಟರ್‌ಗಳ ಆ ಡಬ್ಬಿ ಕೈಯಿಂದ ಕೈಗೆ ಬಂದದ್ದು. ಹೃದಯ, ಎಲೆ, ಮೊಲ, ಗಂಟೆ ಎಲ್ಲ ಇವೆ. ಅವುಗಳ ನಡುವೆ ಇದೊಂದು. ಮೇಲೆ ದೊಡ್ಡ ಉಬ್ಬು. ಎಡಗಡೆ ಮೂತಿಯೋ ಕೊಕ್ಕೋ ಅನ್ನುವಂತೆ ಏನೋ ಮುಂದಕ್ಕೆ ಚಾಚಿದೆ. ಬಲಗಡೆ ಕೆಳಗೆ ಒಂದು ಚಿಕ್ಕ ಸುರುಳಿ. ತಳ ಚಪ್ಪಟೆ, ಅದರಲ್ಲಿ ಒಂದು ಸಣ್ಣ ಕಚ್ಚು. ಇದು ಏನು?

ಸುಮ್ನೆ ಕೇಳಿದ ಪ್ರಶ್ನೆ ಇದು. ಆದರೆ ಇದರಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಕಾವು ಕೂತ ಕೋಳಿ ಅನ್ನುವವರದು ಒಂದು, ಟೀ ಕೆಟಲ್ ಅನ್ನುವವರದು ಇನ್ನೊಂದು. ಕೋಳಿ ಪಕ್ಷದವರು "ಕೆಟಲ್ ಆದರೆ ಹಿಡಿ ಎಲ್ಲಿ?" ಅಂದರು. ಕೆಟಲ್ ಪಕ್ಷದವರು "ಕೋಳಿ ಆದರೆ ಬಾಲ ಯಾಕೆ ಸುರುಳಿ?" ಅಂತ ತಿರುಗಿ ಕೇಳಿದರು. ಒಬ್ಬರು ತಿಮಿಂಗಿಲ ಅಂದು ಎರಡೂ ಕಡೆಯಿಂದ ಬೈಸಿಕೊಂಡರು. ಒಂದು ಮಗು ಮಾತ್ರ ಬಹಳ ಹೊತ್ತು ನೋಡಿ, ಗಾಳಿಗೆ ಸಿಕ್ಕಿದ ಮೋಡ ಅಂದಿತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗಲೂ ನನಗೆ ಅದೇ ಒಳ್ಳೆಯ ಉತ್ತರ ಅನ್ನಿಸುತ್ತದೆ.

ಮಾಡಿ ನೋಡಿಯೇ ತೀರ್ಮಾನಿಸೋಣ ಅಂತ ಆಯಿತು. ಒಂದೇ ಹಿಟ್ಟು, ಒಂದೇ ಕಟರ್, ಬೇರೆ ಬೇರೆ ಐಸಿಂಗ್. ಕೋಳಿಯವರು ಬಿಳಿ ತುಂಬಿ, ಕೆಂಪು ಜುಟ್ಟು ಎಳೆದು, ಕಪ್ಪು ಚುಕ್ಕೆಯ ಕಣ್ಣಿಟ್ಟರು. ಸಾಕ್ಷಾತ್ ಕೋಳಿ! ಕೆಟಲ್‌ನವರು ನೀಲಿ ತುಂಬಿ, ಮುಚ್ಚಳದ ಗೆರೆ ಎಳೆದು, ಇಲ್ಲದ ಹಿಡಿಯನ್ನು ಐಸಿಂಗ್‌ನಲ್ಲೇ ಬರೆದು, ಹೊಟ್ಟೆಯ ಮೇಲೆ ಪುಟ್ಟ ಹೂವೊಂದನ್ನು ಬಿಡಿಸಿದರು. ಅದೂ ಸಾಕ್ಷಾತ್ ಕೆಟಲ್. ವಾದ ಬಗೆಹರಿಯಲಿಲ್ಲ, ಇನ್ನೂ ಜಾಸ್ತಿ ಆಯಿತು. ಅಷ್ಟರಲ್ಲಿ ತಿಮಿಂಗಿಲದವರು ಒಂದು ಕುಕೀಯನ್ನು ಸದ್ದಿಲ್ಲದೆ ತಲೆಕೆಳಗಾಗಿ ತಿರುಗಿಸಿ, ಬೂದು ಬಣ್ಣ ತುಂಬಿ, ಒಂದು ಕಿವಿ ಬರೆದು ಮುಂದಿಟ್ಟರು. ಆನೆ. ಕೋಳಿಗಿಂತ, ಕೆಟಲ್‌ಗಿಂತ ಆನೆಯೇ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಯಾರೂ ತಯಾರಿರಲಿಲ್ಲ ಅನ್ನುವುದು ಬೇರೆ ಮಾತು.

ಅಲಂಕಾರದಲ್ಲಿ ಪಳಗಿದವರು ಇದನ್ನು ದಿನಾ ಮಾಡುತ್ತಾರಂತೆ. ಅವರು ಟುಲಿಪ್ ಹೂವಿನ ಕಟರ್ ನೋಡಿದರೆ ಅದನ್ನು ತಿರುಗಿಸಿ ಬೇರೆ ಏನಾದರೂ ಕಾಣುತ್ತಾ ಅಂತ ಹುಡುಕುತ್ತಾರೆ. ಹೊರಗೆರೆ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದು ಐಸಿಂಗ್‌ನ ಕೆಲಸ. ಹಾಗಿದ್ದರೆ ಹೊಸ ಹೊಸ ಆಕಾರ ಕೊಳ್ಳುವುದೇ ಬೇಡ ಅಲ್ವಾ ಅಂತ ಕೇಳಬೇಡಿ. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ಕೊನೆಗೆ ತಗಡಿನ ಕೆಲಸ ಗೊತ್ತಿದ್ದ ಒಬ್ಬರು ಬಂದರು. ಕಟರನ್ನು ಬೆಳಕಿಗೆ ಹಿಡಿದು, ಒಳಗಡೆ ಬೆರಳಾಡಿಸಿದರು. "ಇದನ್ನು ಯಾರೋ ತುಳಿದಿದ್ದಾರೆ" ಅಂದರು. ತಗಡು ತೆಳು, ಯಾವತ್ತೋ ಡಬ್ಬಿಯಿಂದ ಬಿದ್ದು, ಯಾರದೋ ಕಾಲಡಿ ಸಿಕ್ಕಿ ಬಗ್ಗಿದೆ. ಇದು ಮೊದಲು ಬಾತುಕೋಳಿ ಆಗಿತ್ತು, ಕತ್ತು ಒಳಕ್ಕೆ ಹೋಗಿದೆ, ಬಾಲ ಸುತ್ತಿಕೊಂಡಿದೆ. ಇಕ್ಕಳ ಕೊಡಿ, ಈಗಲೇ ಸರಿ ಮಾಡಿಕೊಡುತ್ತೇನೆ ಅಂದರು. ನಾನು ಕೊಡಲಿಲ್ಲ. ಅವರಿಗೆ ಬೇಜಾರಾಯಿತು. ಆದರೆ ಬಾತುಕೋಳಿ ನನ್ನ ಹತ್ತಿರ ಬೇರೆ ಇದೆ!

ಆ ಹೊತ್ತಿಗೆ ಒಬ್ಬರು, ಕುಕೀ ಬಾಯಲ್ಲಿಟ್ಟುಕೊಂಡೇ, "ಯಾವ ಆಕಾರ ಆದರೇನು, ತಿನ್ನೋದು ತಾನೇ?" ಅಂದರು. ಇಂಥವರ ಜೊತೆ ನನಗೆ ಮಾತಿಲ್ಲ. ತಿನ್ನುವುದೇ ಮುಖ್ಯ ಆಗಿದ್ದರೆ ಹಿಟ್ಟನ್ನು ಉಂಡೆ ಮಾಡಿ ಚಪ್ಪಟೆ ಒತ್ತಿ ಬೇಯಿಸಬಹುದಿತ್ತು, ಇಡೀ ಮಧ್ಯಾಹ್ನ ಲಟ್ಟಣಿಗೆ ಹಿಡಿದು ನಿಲ್ಲಬೇಕಾಗಿರಲಿಲ್ಲ. ಹೀಗೆ ಕೇಳುವವರೇ ತಟ್ಟೆ ಮುಂದೆ ಬಂದಾಗ ಮುರಿಯದ ಕುಕೀಯನ್ನೇ ಆರಿಸಿ ತೆಗೆದುಕೊಳ್ಳುತ್ತಾರೆ. ಗಮನಿಸಿ ನೋಡಿ.

ಎಲ್ಲಿದ್ದೆ? ಅಂಚು.

ಈಗ ತ್ರೀಡಿ ಪ್ರಿಂಟರ್‌ನ ಕಟರ್‌ಗಳು ಬಂದಿವೆ. ಬೇಕಾದ ಆಕಾರ, ಬೇಕಾದ ಅಳತೆ. ಮಾಮೂಲಿ ಪ್ರಿಂಟರ್‌ನಲ್ಲಿ ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿಯ ತೂತು 0.4 ಮಿಲಿಮೀಟರ್ ಇರುವುದರಿಂದ ಕತ್ತರಿಸುವ ಅಂಚೂ ಹೆಚ್ಚುಕಡಿಮೆ ಅಷ್ಟೇ ತೆಳುವಾಗಿ ಬರುತ್ತದೆ, ಚೆನ್ನಾಗಿಯೇ ಕತ್ತರಿಸುತ್ತದೆ. ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಆ ಆಕಾರಗಳನ್ನು ಬರೆಯುವವರ ಮೇಲೆ. ಕಂಪ್ಯೂಟರ್ ಮುಂದೆ ಕೂತು ಜಿರಾಫೆ ಬರೆಯುತ್ತಾರೆ, ಕತ್ತು ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ನಾಲ್ಕು ಕಾಲೂ ಬೇರೆ ಬೇರೆ. ಈ ಮಹಾನುಭಾವರು ಜೀವನದಲ್ಲಿ ಒಂದಾದರೂ ಕುಕೀಯನ್ನು ಹಿಟ್ಟಿನಿಂದ ಟ್ರೇಗೆ ಎತ್ತಿಟ್ಟಿದ್ದಾರಾ? ಓವನ್‌ನಲ್ಲಿ ತೆಳ್ಳಗಿನ ಭಾಗ ಮೊದಲು ಬೇಯುತ್ತದೆ. ಜಿರಾಫೆಯ ಹೊಟ್ಟೆ ಇನ್ನೂ ಬೆಳ್ಳಗಿರುವಾಗ ಕಾಲು ಕಂದಾಗಿರುತ್ತದೆ. ತಣ್ಣಗಾದ ಮೇಲೆ ಕತ್ತು ಪಟ್ ಅನ್ನುತ್ತದೆ. ಹಿಮದ ಹರಳಿನ ಕಟರ್ ಇನ್ನೊಂದು ಶಿಕ್ಷೆ. ಅದರ ಪ್ರತಿ ಇಕ್ಕಟ್ಟು ಮೂಲೆಯಲ್ಲೂ ಹಿಟ್ಟು ಸಿಕ್ಕಿಕೊಂಡು, ಒಂದೊಂದನ್ನೂ ಟೂತ್‌ಪಿಕ್‌ನಿಂದ ಕೆಳಕ್ಕೆ ತಳ್ಳುತ್ತಾ ಕೂರಬೇಕು. ಅಷ್ಟರಲ್ಲಿ ಹಿಟ್ಟು ಬೆಚ್ಚಗಾಗಿರುತ್ತದೆ, ಮತ್ತೆ ಫ್ರಿಜ್‌ಗೆ.

ವಿಡಿಯೋಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಸುಂದರವಾದ ಕೈಯೊಂದು ಬರುತ್ತದೆ, ಕಟರ್ ಒತ್ತುತ್ತದೆ, ಎತ್ತುತ್ತದೆ, ಆಕಾರ ತಾನಾಗಿ ಬಿಟ್ಟುಕೊಳ್ಳುತ್ತದೆ. ಆ ಹಿಟ್ಟು ಎಷ್ಟು ಹೊತ್ತು ಫ್ರಿಜ್‌ನಲ್ಲಿತ್ತು ಅಂತ ಹೇಳುವುದೇ ಇಲ್ಲ. ಬೆಣ್ಣೆ ಮೂವತ್ತೈದು ಡಿಗ್ರಿ ಮುಟ್ಟುವ ಹೊತ್ತಿಗೆ ಕರಗಿಯೇ ಹೋಗಿರುತ್ತದೆ, ಮೆತ್ತಗಾಗುವುದಂತೂ ಅದಕ್ಕೂ ಬಹಳ ಮೊದಲು. ಅಂಥ ಹಿಟ್ಟಿಗೆ ಎಂಥ ಕಟರ್ ತಂದರೂ ಅಂಟುತ್ತದೆ, ಎಳೆಯುತ್ತದೆ. ಎರಡು ಬೇಕಿಂಗ್ ಕಾಗದದ ನಡುವೆ ಹಿಟ್ಟಿಟ್ಟು, ಎರಡೂ ಪಕ್ಕದಲ್ಲಿ 6 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನಿಟ್ಟು, ಲಟ್ಟಣಿಗೆ ಅವುಗಳ ಮೇಲೆ ಓಡುವಂತೆ ಲಟ್ಟಿಸಿ, ಆ ಹಾಳೆಯನ್ನು ಹಾಗೇ ಫ್ರಿಜ್‌ಗೆ ಸೇರಿಸಿ ಗಟ್ಟಿಯಾದ ಮೇಲೆ ಕತ್ತರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒತ್ತುವಾಗ ನೇರ ಕೆಳಕ್ಕೆ ಒತ್ತಿ. ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸುವವರನ್ನು ನೋಡಿದ್ದೇನೆ. ದುಂಡಗಿನ ಕಟರ್ ಆದರೆ ಬದುಕಿಕೊಳ್ಳುತ್ತದೆ, ಮೊಲದ ಕಿವಿಗೆ ಉಳಿಗಾಲವಿಲ್ಲ.

ಇನ್ನು, ಕತ್ತರಿಸಿದ ಆಕಾರವನ್ನು ಎತ್ತುವುದು ಯಾಕೆ? ಸುತ್ತಲಿನ ಹಿಟ್ಟನ್ನು ಬಿಡಿಸಿ ತೆಗೆಯಿರಿ, ಆಕಾರ ಕಾಗದದ ಮೇಲೆ ಇದ್ದಲ್ಲೇ ಇರಲಿ, ಕಾಗದವನ್ನೇ ಟ್ರೇಗೆ ಜಾರಿಸಿ. ದಯವಿಟ್ಟು ಮೊದಲ ಕಟರನ್ನು ಹಾಳೆಯ ನಟ್ಟನಡುವೆ ಒತ್ತಬೇಡಿ. ಅಂಚಿನಿಂದ ಶುರುಮಾಡಿ. ಉಳಿದ ಚೂರುಗಳನ್ನು ಕೂಡಿಸಿ ಮತ್ತೆ ಲಟ್ಟಿಸಬಹುದು, ನಿಜ, ಆದರೆ ಸಲಸಲಕ್ಕೂ ಹಿಟ್ಟು ಬಿರುಸಾಗುತ್ತಾ ಹೋಗುತ್ತದೆ. ನಟ್ಟನಡುವೆ ಒತ್ತುವವರಿಗೆ ಇದನ್ನು ಹೇಳಿದರೆ "ಏನೀಗ?" ಅನ್ನುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಓವನ್ ತನ್ನ ಪಾಲು ಕೇಳುತ್ತದೆ. ಬೇಕಿಂಗ್ ಪೌಡರ್ ಜಾಸ್ತಿ ಆದರೆ, ಬೆಣ್ಣೆ ಸಕ್ಕರೆಯನ್ನು ನೊರೆ ಬರುವಷ್ಟು ಬಡಿದರೆ, ನಕ್ಷತ್ರ ಉಬ್ಬಿ ಹೂವಾಗುತ್ತದೆ. ಅದಕ್ಕೂ ಒಂದು ದಾರಿ ಇದೆ. ಓವನ್‌ನಿಂದ ತೆಗೆದ ಕೂಡಲೇ, ಇನ್ನೂ ಮೆತ್ತಗಿರುವಾಗ, ಅದೇ ಕಟರನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಒತ್ತಿದರೆ ಹರಡಿದ ಅಂಚು ಕತ್ತರಿಸಿ ಹೋಗುತ್ತದೆ. ಆರಿದ ಮೇಲೆ ಒತ್ತಿದರೆ ಕುಕೀಯೇ ಒಡೆಯುತ್ತದೆ. ಆಗ ಸಣ್ಣ ಹಲ್ಲಿನ ತುರಿಯುವ ಮಣೆಯಿಂದ ಅಂಚನ್ನು ಮೆಲ್ಲಗೆ ಉಜ್ಜುವುದೊಂದೇ ಗತಿ. ಉದುರಿದ ಪುಡಿಯನ್ನು ಏನು ಮಾಡಬೇಕು ಅಂತ ಹೇಳಬೇಕಾಗಿಲ್ಲ.

ಹಾಂ, ಆ ಒಂದೇ ಮಾತಿನ ಉತ್ತರ. ನಿನ್ನೆಯವರೆಗೂ ಅದು ಸ್ಟೀಲ್ ಅಂತಲೇ ಇತ್ತು. ಆದರೆ ತಾಮ್ರದ ಕಟರ್ ಹಿಡಿದರೆ ಕೈಗೆ ಸಿಗುವ ಆ ಭಾರ ಇದೆಯಲ್ಲ, ಅದನ್ನು ಬಿಟ್ಟು ಹೇಗೆ ಹೇಳುವುದು? ತಾಮ್ರ ಇರುವವರು ಅದನ್ನು ಗೋಡೆಗೆ ತೂಗುಹಾಕಿ, ಕತ್ತರಿಸಲು ಪ್ಲಾಸ್ಟಿಕ್ ಬಳಸುತ್ತಾರೆ, ಅದು ಇನ್ನೊಂದು ಹೊಟ್ಟೆಯುರಿ. ಉತ್ತರದ ಬಗ್ಗೆ ಇನ್ನೊಂದು ಸಲ ಯೋಚಿಸಬೇಕು. ಸದ್ಯಕ್ಕೆ ತಗಡಿನವನ್ನು ತೊಳೆದು ಒರೆಸಿ, ಆರುತ್ತಿರುವ ಓವನ್‌ನ ಬಿಸಿಯಲ್ಲಿ ಒಂದು ಗಳಿಗೆ ಇಡಿ, ಬೆಸುಗೆಯ ಸಂದಿಯಲ್ಲಿ ನೀರು ನಿಂತರೆ ತುಕ್ಕು ಹಿಡಿಯುತ್ತದೆ. ತ್ರೀಡಿಯವನ್ನು ಮಾತ್ರ ಅವುಗಳ ಜೊತೆ ಸೇರಿಸಬೇಡಿ. ಸಾಮಾನ್ಯವಾಗಿ ಅವನ್ನು ಮಾಡುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರವೇ ಮೆತ್ತಗಾಗುತ್ತದೆ, ಜಿರಾಫೆ ಇನ್ನೇನಾಗಿ ಹೊರಗೆ ಬರುತ್ತದೋ ಹೇಳೋಕಾಗಲ್ಲ.